ಬಿಸಿಯಲ್ಲಿ ಕಾಣದ ಸೋರಿಕೆ

ಕಳೆದ ಏಪ್ರಿಲಿನ ಒಂದು ಸಂಜೆ ತುಮಕೂರು ರಸ್ತೆಯಿಂದ ಮನೆಗೆ ಮರಳುವಾಗ, ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ನಮ್ಮ ಹನ್ನೆರಡು ವರ್ಷ ಹಳೆಯ ಪೆಟ್ರೋಲ್ ಕಾರಿನ ಟೆಂಪರೇಚರ್ ಮುಳ್ಳು ಎಂದೂ ದಾಟದ ನಡುಗೆರೆಯನ್ನು ದಾಟಿ ಮೇಲೇರತೊಡಗಿತು. ಏಸಿ ನಿಲ್ಲಿಸಿ, ಎಂಜಿನ್ನಿನ ಕಾವು ಸ್ವಲ್ಪವಾದರೂ ಒಳಕ್ಕೆ ಹರಿಯಲೆಂದು ಹೀಟರನ್ನು ಪೂರ್ತಿ ತಿರುಗಿಸಿ, ಆ ಸೆಖೆಯಲ್ಲಿ ಬೆವರುತ್ತಲೇ ಕಾರನ್ನು ರಸ್ತೆಬದಿಗೆ ತಂದು ನಿಲ್ಲಿಸಿದೆ. ಬಾನೆಟ್ ಎತ್ತಿದಾಗ ಸೀದ ಬೆಲ್ಲದ ಪಾಕದಂತಹ ವಾಸನೆ ಬಂದಿತೇ ಹೊರತು ಎಲ್ಲಿಯೂ ಒಂದು ಹನಿ ಕಾಣಲಿಲ್ಲ. ಒಂದು ಗಂಟೆ ಕಾದು ನೋಡಿದರೆ ಟ್ಯಾಂಕಿನಲ್ಲಿ ಎಂಜಿನ್ನನ್ನು ತಂಪಾಗಿಡುವ ದ್ರವವಾದ ಕೂಲಂಟ್ ಕೆಳಗೆರೆಗಿಂತ ಎರಡು ಬೆರಳು ತಗ್ಗಿತ್ತು.

ಹೀಗಾಗಿದ್ದು ಅದು ಮೂರನೆಯ ಸಲ. ಮೊದಲ ಸಲ ಒಂದು ಗ್ಯಾರೇಜಿನಲ್ಲಿ ಹೋಸ್‌ನ ಕ್ಲಾಂಪ್ ಬದಲಿಸಿದ್ದರು. ಎರಡನೆಯ ಸಲ ಇನ್ನೊಂದು ಕಡೆ, ಕೂಲಂಟಿನ ಹರಿವನ್ನು ಬಿಸಿಗೆ ತಕ್ಕಂತೆ ನಿಯಂತ್ರಿಸುವ ಥರ್ಮೋಸ್ಟಾಟಿನ ಪ್ಲಾಸ್ಟಿಕ್ ಕವಚದ (ಹೌಸಿಂಗ್) ಸುತ್ತ ಬಿಳಿ ಪುಡಿ ಕಟ್ಟಿದ್ದನ್ನು ಸರಿಯಾಗಿಯೇ ಗುರುತಿಸಿ, ಅಲ್ಲಿ ಸಿಲಿಕೋನ್ ಅಂಟನ್ನು ಧಾರಾಳವಾಗಿ ಮೆತ್ತಿ ಬೋಲ್ಟುಗಳನ್ನು ಬಲವಾಗಿ ಬಿಗಿದು ಕಳಿಸಿದ್ದರು.

ಈ ಸಲ ಹನುಮಂತನಗರದಲ್ಲಿ ಒಬ್ಬರೇ ಕೆಲಸ ಮಾಡುವ ಹಿರಿಯ ಮೆಕ್ಯಾನಿಕ್ ಒಬ್ಬರ ಬಳಿಗೆ ಹೋದೆ. ಅವರು ಎಂಜಿನ್ ಮುಟ್ಟಲೇ ಇಲ್ಲ. “ಬಿಸೀಲಿ ನೋಡಿದ್ರೆ ಏನೂ ಕಾಣ್ಸಲ್ಲ ಸಾರ್. ರಾತ್ರಿ ಗಾಡಿ ಇಲ್ಲೇ ಬಿಟ್ಟೋಗಿ, ಬೆಳಗ್ಗೆ ಬನ್ನಿ” ಎಂದರು. ಕೂಲಂಟ್ ಕುದಿಯಬಾರದೆಂದೇ ಅದನ್ನು ಒತ್ತಡದಲ್ಲಿ ಇರಿಸಲಾಗುತ್ತದೆ. ಕೂದಲೆಳೆಯಷ್ಟು ಸಂದಿಯಿಂದ ಜಿನುಗಿದ ಹನಿ ಕಾದ ಅಲ್ಯೂಮಿನಿಯಂ ತಾಗಿದೊಡನೆ ಆವಿಯಾಗಿ, ಅದರಲ್ಲಿ ಕರಗಿದ್ದದ್ದು ಮಾತ್ರ ಪುಡಿಯಾಗಿ ಉಳಿಯುತ್ತದೆ. ಎಂಜಿನ್ ಆರಿದ ಮೇಲೆ ಹೌಸಿಂಗಿನ ಪ್ಲಾಸ್ಟಿಕ್ಕೂ ಎಂಜಿನ್ನಿನ ಅಲ್ಯೂಮಿನಿಯಮ್ಮೂ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲವಾದ್ದರಿಂದ, ಅವೆರಡರ ನಡುವಿನ, ಗಟ್ಟಿಯಾದ ಹಳೆಯ ರಬ್ಬರ್ ರಿಂಗು ಆ ಅಂತರವನ್ನು ತುಂಬಲಾರದೆ ಸೋತುಬಿಡುತ್ತದೆ.

ಮರುದಿನ ಬೆಳಗ್ಗೆ ಅವರು ಕೂಲಂಟ್ ಟ್ಯಾಂಕಿನ ಮುಚ್ಚಳದ ಜಾಗಕ್ಕೆ ಕೈಪಂಪೊಂದನ್ನು ಜೋಡಿಸಿ, ಮುಚ್ಚಳದ ಮೇಲೆ ಅಚ್ಚಾಗಿದ್ದ ಒತ್ತಡದವರೆಗೆ ಗಾಳಿ ತುಂಬಿ, ಟಾರ್ಚನ್ನು ನನ್ನ ಕೈಗಿತ್ತರು. ಮೀಟರಿನ ಮುಳ್ಳು ನಿಧಾನವಾಗಿ ಇಳಿಯುತ್ತಿತ್ತು. ಹೌಸಿಂಗಿನ ಕೆಳಗಿನ ಬೋಲ್ಟಿನ ಪಕ್ಕದಲ್ಲಿ ಹಸಿರು ಹನಿಯೊಂದು ಜೋಳದ ಕಾಳಿನಷ್ಟು ಊದಿ, ಕ್ಷಣಕಾಲ ನಡುಗಿ, ಗೇರ್‌ಬಾಕ್ಸಿನ ಮೇಲೆ ಬಿತ್ತು. ಅದೇ ಜಾಗದಲ್ಲಿ ಇನ್ನೊಂದು ಹುಟ್ಟಿತು. ಎರಡು ಬಿಲ್ಲುಗಳ ಹಣಕ್ಕೆ ಸಿಗದ ಉತ್ತರ ಎರಡು ನಿಮಿಷದಲ್ಲಿ ಸಿಕ್ಕಿತು.

ಹಳೆಯ ಕೂಲಂಟನ್ನು ಬೋಗುಣಿಗೆ ಇಳಿಸಿ ಒಡನೆಯೇ ಕ್ಯಾನಿಗೆ ತುಂಬಿದರು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ; ನಮ್ಮ ಬೀದಿಗಳಲ್ಲಿ ನಾಯಿಗಳಿಗೇನು ಕೊರತೆ? ಹೌಸಿಂಗ್ ಬಿಚ್ಚಿದಾಗ ಉರುಟಾಗಿರಬೇಕಿದ್ದ ರಬ್ಬರ್ ರಿಂಗು ಚಪ್ಪಟೆಯಾಗಿ, ಬಗ್ಗಿಸಿದರೆ ಮುರಿಯುವಂತಾಗಿತ್ತು. ಹಿಂದೆ ಮೆತ್ತಿದ್ದ ಸಿಲಿಕೋನಿನ ಎಳೆಯೊಂದು ಒಳಗೆ ಇಳಿಬಿದ್ದಿತ್ತು. ಅದು ಕಿತ್ತುಬಂದಿದ್ದರೆ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಮೆಕ್ಯಾನಿಕ್ ಗಾಜಿನ ತುಂಡಿನ ಮೇಲೆ ಉಪ್ಪುಕಾಗದ ಹಾಸಿ, ಹೌಸಿಂಗಿನ ಬಾಯಿಯನ್ನು ಅದರ ಮೇಲೆ ನಾಲ್ಕೈದು ಸಲ ಮೆಲ್ಲಗೆ ಉಜ್ಜಿ ತೋರಿಸಿದರು. ಬೋಲ್ಟುಗಳ ಬಳಿ ಮಾತ್ರ ಸವೆತದ ಗುರುತು ಬಿದ್ದು ನಡುಭಾಗ ಹಾಗೆಯೇ ಉಳಿದಿತ್ತು. ಸೋರಿಕೆ ನಿಲ್ಲಲೆಂದು ಹಾಕಿದ ಆ ಬಿಗಿಯೇ ಪ್ಲಾಸ್ಟಿಕ್ಕನ್ನು ಬಾಗಿಸಿತ್ತು.

ಥರ್ಮೋಸ್ಟಾಟನ್ನು ಪರೀಕ್ಷಿಸುವ ಕೆಲಸವನ್ನು ನಾನು ಮನೆಗೆ ಹೊತ್ತು ತಂದೆ. ಅದರ ಮೇಲೆ 82 ಎಂದು ಅಚ್ಚಾಗಿತ್ತು. ಅಷ್ಟು ಡಿಗ್ರಿ ಸೆಲ್ಸಿಯಸ್ಸಿಗೆ ಒಳಗಿನ ಮೇಣ ಕರಗಿ ಹಿಗ್ಗಿ ಕವಾಟವನ್ನು ತಳ್ಳಬೇಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆಯಾದರೂ ಈ ಪರೀಕ್ಷೆಗೆ ಅದು ಧಾರಾಳವಾಗಿ ಸಾಕು. ದಾರಕ್ಕೆ ಕಟ್ಟಿ ಪಾತ್ರೆಯಲ್ಲಿ ಕಾಯುತ್ತಿದ್ದ ನೀರಿಗೆ ಇಳಿಬಿಟ್ಟಾಗ ಕವಾಟ ಹೊತ್ತಿಗೆ ಸರಿಯಾಗಿ ತೆರೆಯಿತು, ತಣಿದಾಗ ಮುಚ್ಚಿತು. ನನ್ನ ಹೆಂಡತಿ ಮಾತ್ರ ಆ ಪಾತ್ರೆಯನ್ನು ಮತ್ತೆ ಅಡುಗೆಮನೆಗೆ ಸೇರಿಸಲಿಲ್ಲ. ಅವಳ ತೀರ್ಮಾನವೇ ಸರಿ.

ಹೊಸ ಹೌಸಿಂಗ್ ಮತ್ತು ರಿಂಗು ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಸಿಕ್ಕವು. ಕೂಲಂಟನ್ನು ಬಣ್ಣ ನೋಡಿ ಕೊಳ್ಳದೆ ಕಾರಿನ ಕೈಪಿಡಿಯಲ್ಲಿ ಹೇಳಿದ ಬಗೆಯನ್ನೇ ಕೇಳಿ, ಮೊದಲೇ ನೀರು ಬೆರೆಸಿ ಸಿದ್ಧಪಡಿಸಿದ್ದನ್ನೇ ತಂದೆ, ಏಕೆಂದರೆ ನಮ್ಮ ಬೋರ್‌ವೆಲ್ ನೀರು ಹಂಡೆಯ ಒಳಗೆ ಕಟ್ಟುವ ಬಿಳಿ ಪದರವನ್ನು ನೋಡಿದವರು ಅದನ್ನು ರೇಡಿಯೇಟರಿಗೆ ಸುರಿಯಲಾರರು.

ಜೋಡಿಸುವಾಗ ಎಂಜಿನ್ನಿನ ಕಡೆಯ ಅಲ್ಯೂಮಿನಿಯಂ ಮುಖಕ್ಕೆ ಗೀರು ಬೀಳದಿರಲೆಂದು, ಅಂಟನ್ನು ನನ್ನ ಅವಧಿ ಮುಗಿದ ಎಟಿಎಂ ಕಾರ್ಡಿನಿಂದ ಕೆರೆದೆವು. ರಿಂಗಿಗೆ ಒಂದಿಷ್ಟು ಕೂಲಂಟ್ ಸವರಿದ್ದು ಬಿಟ್ಟರೆ ಬೇರೆ ಯಾವ ಅಂಟೂ ಹಾಕಲಿಲ್ಲ. ಥರ್ಮೋಸ್ಟಾಟಿನ ಅಂಚಿನಲ್ಲಿರುವ, ಗಾಳಿ ಹೊರಹೋಗುವ ಚಿಕ್ಕ ರಂಧ್ರ ಮೇಲ್ಗಡೆಗೆ ಬರುವಂತೆ ಕೂರಿಸಿದರು. ಹತ್ತರ ಸ್ಪ್ಯಾನರಿಗೆ ಸಿಗುವ ಆ ಬೋಲ್ಟುಗಳನ್ನು ಮೊದಲು ಬೆರಳಿನಲ್ಲೇ ತಿರುಗಿಸಿ, ಆಮೇಲೆ ಬಿಗಿಯನ್ನು ಅಳೆಯುವ ಟಾರ್ಕ್ ರೆಂಚಿನಿಂದ ಒಂದೊಂದನ್ನೂ ಸರದಿಯಲ್ಲಿ 10 ನ್ಯೂಟನ್ ಮೀಟರಿಗೆ ಬಿಗಿದರು. “ಇಷ್ಟೇನಾ ಅಣ್ಣಾ?” ಎಂದು ನಾನು ಕೇಳಿಯೇಬಿಟ್ಟೆ. “ಇಷ್ಟೇ ಸಾರ್. ಇನ್ನೂ ತಿರುಗಿಸಿದ್ರೆ ಮತ್ತೆ ನನ್ ಹತ್ರಾನೇ ಬರ್ತೀರ” ಎಂದರು.

ಗಾಳಿ ಹೊರಡುವವರೆಗೆ ಹೀಟರ್ ಹಾಕಿ ಎಂಜಿನ್ ಓಡಿಸಿ, ಮರುದಿನ ತಣ್ಣಗಿದ್ದಾಗ ಅರ್ಧ ಲೋಟದಷ್ಟು ಕೂಲಂಟ್ ಮತ್ತೆ ತುಂಬಿದೆ. ಒಂದು ವಾರ ಪ್ರತಿ ರಾತ್ರಿ ಕಾರಿನಡಿ ಹಳೆಯ ದಿನಪತ್ರಿಕೆ ಹಾಸಿಟ್ಟೆ. ಎಂಟನೆಯ ಬೆಳಗ್ಗೆ ಪತ್ರಿಕೆಯ ಮೂಲೆಯಲ್ಲಿ ರೂಪಾಯಿಯಗಲದ ಕಲೆ ಕಂಡು ಎದೆ ಧಸಕ್ಕೆಂದಿತು. ಬೆರಳಿಗೆ ಹಚ್ಚಿ ನೋಡಿದೆ: ಕಪ್ಪಗೆ, ಜಿಡ್ಡಾಗಿ ಇತ್ತು. ಅದು ಕೂಲಂಟ್ ಅಲ್ಲ, ಎಂಜಿನ್ ಆಯಿಲ್.