ಝಡ್ ಡ್ರೈವ್ ಎಲ್ಲಿದೆ, ಬೆರಳಿಟ್ಟು ತೋರಿಸಿ

ಮನೆಯಲ್ಲಿ ನ್ಯಾಸ್, ಅಂದರೆ ಎಲ್ಲರ ಫೈಲ್ ಒಂದೇ ಕಡೆ ಇಡುವ ನೆಟ್‌ವರ್ಕ್ ಪೆಟ್ಟಿಗೆ, ಹಾಕಿಕೊಟ್ಟು ಹೊರಡುವ ಮುಂಚೆ ಈಗ ನಾನು ಒಂದು ಪ್ರಶ್ನೆ ಕೇಳುತ್ತೇನೆ. "ಈ ಝಡ್ ಡ್ರೈವ್ ಎಲ್ಲಿದೆ? ಬೆರಳಿಟ್ಟು ತೋರಿಸಿ." ಹೆಚ್ಚಿನವರು ಮಾನಿಟರ್ ತೋರಿಸುತ್ತಾರೆ. ಕೆಲವರು ಮೇಜಿನ ಕೆಳಗೆ ಬಗ್ಗಿ ಸಿಪಿಯು ಮುಟ್ಟುತ್ತಾರೆ. ಟಿವಿ ಪಕ್ಕದಲ್ಲಿ ಸಣ್ಣಗೆ ಗುಂಯ್ ಅನ್ನುತ್ತಾ ಕೂತಿರುವ ಪೆಟ್ಟಿಗೆಯ ಕಡೆ ಯಾರೂ ನೋಡುವುದಿಲ್ಲ. ಆ ಪೆಟ್ಟಿಗೆ ತೋರಿಸುವವರೆಗೂ ನಾನು ಬ್ಯಾಗ್ ಎತ್ತುವುದಿಲ್ಲ. ಈ ಅಭ್ಯಾಸ ಒಂದು ಮನೆಯಲ್ಲಿ ಆದ ನಷ್ಟದಿಂದ ಬಂತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಶಿವಮೊಗ್ಗದಲ್ಲಿ ಕಂಪ್ಯೂಟರ್ ಮತ್ತು ನೆಟ್‌ವರ್ಕ್ ಸರ್ವೀಸ್ ಮಾಡುತ್ತಾ 11 ವರ್ಷ ಆಯ್ತು. ಮೊದಲೆಲ್ಲ ನ್ಯಾಸ್ ಅಂದರೆ ಆಫೀಸಿನ ವಸ್ತು. ಈಗ ಮನೆಗಳಲ್ಲೂ ಹಾಕಿಸುತ್ತಾರೆ. ಎಲ್ಲರ ಫೋನಿನ ಫೋಟೋ, ಸ್ಕ್ಯಾನ್ ಮಾಡಿದ ಪಹಣಿ, ಮಕ್ಕಳ ಮಾರ್ಕ್ಸ್ ಕಾರ್ಡ್, ಎಲ್ಲಾ ಒಂದೇ ಕಡೆ ಇರಲಿ ಅಂತ. ರೂಟರ್‌ಗೆ ಕೇಬಲ್‌ನಲ್ಲಿ ಸಿಕ್ಕಿಸಿ ಇಡುವ ಪೆಟ್ಟಿಗೆ ಅದು. ಒಳಗೆ ಎರಡೋ ನಾಲ್ಕೋ ಹಾರ್ಡ್‌ಡಿಸ್ಕ್, ತನ್ನದೇ ಪ್ರೊಸೆಸರ್, ತನ್ನದೇ ಮೆಮೊರಿ. ಅದೂ ಒಂದು ಕಂಪ್ಯೂಟರೇ. ಪರದೆ, ಕೀಬೋರ್ಡ್ ಇಲ್ಲ ಅಷ್ಟೇ.

ನಾನು ಹೇಳುತ್ತಿರುವ ಮನೆ ಒಬ್ಬ ಮದುವೆ ಫೋಟೋಗ್ರಾಫರ್‌ದು. ಗಂಡ ಫೋಟೋ ತೆಗೆಯುತ್ತಾರೆ, ಹೆಂಡತಿ ಆಲ್ಬಮ್ ಡಿಸೈನ್ ಮಾಡುತ್ತಾರೆ. ಮುಂದಿನ ಕೋಣೆಯೇ ಸ್ಟುಡಿಯೋ. ಅವರ ಬಳಿ ಏಳೆಂಟು ಎಕ್ಸ್‌ಟರ್ನಲ್ ಡಿಸ್ಕ್ ಇದ್ದವು. ಯಾವ ಮದುವೆ ಯಾವ ಡಿಸ್ಕಿನಲ್ಲಿ ಅಂತ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತಿತ್ತು. ಎರಡು 4 ಟಿಬಿ ಡಿಸ್ಕ್ ಇರುವ ನ್ಯಾಸ್ ತರಿಸಿ, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಬರೆಯುವ ಹಾಗೆ ಮಿರರ್ ಮಾಡಿದೆ. ಆಮೇಲೆ ಇಬ್ಬರ ಕಂಪ್ಯೂಟರಿನಲ್ಲೂ ಅದನ್ನು ಝಡ್ ಡ್ರೈವ್ ಮಾಡಿಕೊಟ್ಟೆ, ಅಂದರೆ ಸಿ ಡ್ರೈವ್ ಪಕ್ಕದಲ್ಲೇ ಝಡ್ ಅನ್ನುವ ಅಕ್ಷರದಲ್ಲಿ ಕಾಣುವ ಹಾಗೆ ಮ್ಯಾಪ್ ಮಾಡಿದೆ.

ಮಾಡುವುದು ಕಷ್ಟವೇನಲ್ಲ. ವಿಂಡೋಸ್ 11ರ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ದಿಸ್ ಪಿಸಿ ತೆರೆದು, ಮೇಲಿನ ಮೂರು ಚುಕ್ಕೆ ಒತ್ತಿದರೆ ಮ್ಯಾಪ್ ನೆಟ್‌ವರ್ಕ್ ಡ್ರೈವ್ ಅಂತ ಸಿಗುತ್ತದೆ. ಅಕ್ಷರ ಕೇಳುತ್ತದೆ. ವಿಂಡೋಸ್ ಝಡ್‌ನಿಂದ ಶುರು ಮಾಡಿ ಹಿಂದಕ್ಕೆ ಬರುತ್ತದೆ. ಅದು ಒಳ್ಳೆಯದೇ, ಯಾಕೆಂದರೆ ಪೆನ್‌ಡ್ರೈವ್, ಕಾರ್ಡ್ ರೀಡರ್‌ಗಳೆಲ್ಲ ಡಿ, ಇ, ಎಫ್ ಅಂತ ಮುಂದಿನಿಂದ ಅಕ್ಷರ ತಗೊಳ್ಳುತ್ತವೆ. ಎರಡೂ ಒಂದಕ್ಕೊಂದು ಅಡ್ಡ ಬರುವುದಿಲ್ಲ. ಫೋಲ್ಡರ್ ಜಾಗದಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ನ್ಯಾಸ್‌ನ ವಿಳಾಸ, ಇನ್ನೊಂದು ಬ್ಯಾಕ್‌ಸ್ಲ್ಯಾಶ್ ಹಾಕಿ ಫೋಲ್ಡರಿನ ಹೆಸರು. ಆ ಮನೆಯಲ್ಲಿ \\192.168.1.20\ಫೋಟೋ ಅಂತ ಕೊಟ್ಟಿದ್ದೆ. ಮತ್ತೆ ಲಾಗಿನ್ ಆದಾಗ ತಾನೇ ಸೇರಿಕೊಳ್ಳಲಿ ಅಂತ ಕೆಳಗೆ ಒಂದು ಟಿಕ್. ಹತ್ತು ನಿಮಿಷದ ಕೆಲಸ.

ಇಲ್ಲಿ ತುಂಬಾ ಜನ ಸಿಕ್ಕಿಹಾಕಿಕೊಳ್ಳುವುದು ಪಾಸ್‌ವರ್ಡ್ ಕೇಳಿದಾಗ. ಕಂಪ್ಯೂಟರ್ ಆನ್ ಮಾಡುವಾಗ ಹಾಕುವ ನಾಲ್ಕಂಕಿಯ ಪಿನ್ ಹಾಕುತ್ತಾರೆ. ಆ ಪಿನ್ ಆ ಒಂದು ಕಂಪ್ಯೂಟರಿಗೆ ಮಾತ್ರ. ಇಲ್ಲಿ ಬೇಕಾಗಿರುವುದು ನ್ಯಾಸ್ ಒಳಗೆ ಮಾಡಿದ ಯೂಸರ್ ಹೆಸರು, ಅದರ ಪಾಸ್‌ವರ್ಡ್.

ಮೊದಲ ತೊಂದರೆ ಆಷಾಢದ ಮಳೆಯಲ್ಲಿ ಬಂತು. ರಾತ್ರಿಯೆಲ್ಲಾ ಕರೆಂಟ್ ಇರಲಿಲ್ಲ. ಬೆಳಿಗ್ಗೆ ಫೋನ್. "ಅಣ್ಣಾ, ಝಡ್ ಮೇಲೆ ಕೆಂಪು ಗುರುತು ಬಂದಿದೆ. ಫೋಟೋ ಎಲ್ಲಾ ಹೋಯ್ತಾ?" ಆ ಧ್ವನಿ ಇನ್ನೂ ನೆನಪಿದೆ. ನಾನು ಸಾಗರದಲ್ಲಿ ಬೇರೆ ಕೆಲಸದಲ್ಲಿದ್ದೆ. ಫೋಟೋ ಎಲ್ಲೂ ಹೋಗಿರಲಿಲ್ಲ. ಕರೆಂಟ್ ಬಂದ ಮೇಲೆ ರೂಟರ್ ಎಲ್ಲರಿಗೂ ಹೊಸದಾಗಿ ವಿಳಾಸ ಹಂಚಿತ್ತು. 20ರಲ್ಲಿದ್ದ ನ್ಯಾಸ್ 23ಕ್ಕೆ ಹೋಗಿತ್ತು. ಝಡ್ ಪಾಪ ಹಳೆಯ ಬಾಗಿಲನ್ನೇ ತಟ್ಟುತ್ತಿತ್ತು. ರೂಟರ್ ಸೆಟ್ಟಿಂಗ್‌ನಲ್ಲಿ ಈ ಪೆಟ್ಟಿಗೆಗೆ ಯಾವಾಗಲೂ ಇದೇ ವಿಳಾಸ ಅಂತ ಕಾಯ್ದಿರಿಸಬೇಕಿತ್ತು. ನಾನು ಮಾಡಿರಲಿಲ್ಲ. ಅವತ್ತು ಸಂಜೆ ಹೋಗಿ ಮಾಡಿದೆ. ವಿಳಾಸ ಸರಿ ಇದ್ದರೂ ಕರೆಂಟ್ ಬಂದ ತಕ್ಷಣ ಕಂಪ್ಯೂಟರ್ ಆನ್ ಮಾಡಿದರೆ ಇದೇ ಕೆಂಪು ಗುರುತು ಬರುತ್ತದೆ. ಕಂಪ್ಯೂಟರ್ ಅರ್ಧ ನಿಮಿಷದಲ್ಲಿ ಏಳುತ್ತದೆ, ನ್ಯಾಸ್‌ಗೆ ಎರಡು ಮೂರು ನಿಮಿಷ ಬೇಕು. ಟೀ ಕುಡಿದು ಬಂದು ಝಡ್ ಮೇಲೆ ಎರಡು ಸಲ ಒತ್ತಿದರೆ ತೆರೆದುಕೊಳ್ಳುತ್ತದೆ. ರೂಟರ್‌ಗೂ ನ್ಯಾಸ್‌ಗೂ ಒಂದು ಸಣ್ಣ ಯುಪಿಎಸ್ ಹಾಕಿದರೆ ಇನ್ನೂ ನೆಮ್ಮದಿ. ಮಲೆನಾಡಿನಲ್ಲಿ ಅದಿಲ್ಲದೆ ನಾನು ಈಗ ನ್ಯಾಸ್ ಹಾಕುವುದೇ ಇಲ್ಲ.

ಎರಡನೆಯದು ಸ್ಪೀಡ್. 60 ಜಿಬಿಯ ಒಂದು ಮದುವೆ ಕಾಪಿ ಆಗಲು ಒಂದೂವರೆ ಗಂಟೆ ತಗೊಳ್ಳುತ್ತಿತ್ತು. ಕಾಪಿ ಆಗುವಾಗ ಸೆಕೆಂಡಿಗೆ 11 ಎಂಬಿ ಅಂತ ತೋರಿಸುತ್ತಿತ್ತು. ಈ 11 ನೋಡಿದ ಕೂಡಲೇ ನನಗೆ ಕೇಬಲ್ ಮೇಲೆ ಅನುಮಾನ ಬರುತ್ತದೆ. ಎಲ್ಲೋ ಒಂದು ಕಡೆ ಗಿಗಾಬಿಟ್ (1000 ಎಂಬಿಪಿಎಸ್) ಬದಲು 100 ಎಂಬಿಪಿಎಸ್‌ಗೆ ಇಳಿದಿದೆ ಅಂತ ಅರ್ಥ. ಗೋಡೆಯ ಪಕ್ಕ ಮಂಡಿಯೂರಿ ಕೇಬಲ್ ಹಿಡಿದು ಬಂದೆ. ಬಾಗಿಲ ಹೊಸ್ತಿಲಿನಲ್ಲಿ ಅದು ಚಪ್ಪಟೆಯಾಗಿತ್ತು. ದಿನಾ ಬಾಗಿಲು ಹಾಕಿ ಹಾಕಿ ಒಳಗಿನ ಕಂದು ಬಣ್ಣದ ತಂತಿ ತುಂಡಾಗಿತ್ತು. ಗಿಗಾಬಿಟ್‌ಗೆ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡೇ ಸಾಕು. ಅದಕ್ಕೇ ಪೂರ್ತಿ ನಿಲ್ಲದೆ ಕುಂಟುತ್ತಾ ನಡೆಯುತ್ತಿತ್ತು. ಹೊಸ ಕೇಬಲ್ ಹಾಕಿದ ಮೇಲೆ ಅದೇ ಮದುವೆ ಹತ್ತು ನಿಮಿಷದಲ್ಲಿ ಹೋಯ್ತು.

ಇಷ್ಟೆಲ್ಲ ಸರಿ ಮಾಡಿದಾಗ ಕೆಲಸ ಮುಗಿಯಿತು ಅಂದುಕೊಂಡೆ. ದುಡ್ಡೂ ತಗೊಂಡೆ.

ನಾಲ್ಕು ತಿಂಗಳಾದ ಮೇಲೆ ನಿಜವಾದ ಪೆಟ್ಟು ಬಿತ್ತು. ರಜಕ್ಕೆ ಬಂದ ಅವರ ಅಣ್ಣನ ಮಗ ಸ್ಟುಡಿಯೋ ಕೆಲಸಕ್ಕೆ ಕೈ ಜೋಡಿಸಿದ್ದ. ಒಳ್ಳೆಯ ಹುಡುಗ, ಚುರುಕು. ಝಡ್ ತುಂಬುತ್ತಾ ಬಂದಿದೆ, ಹಳೆಯದು ಸ್ವಲ್ಪ ಖಾಲಿ ಮಾಡೋಣ ಅಂತ ಕೆಲವು ಫೋಲ್ಡರ್ ಅಳಿಸಿದ. ಪರದೆಯ ಮೇಲೆ ಶಾಶ್ವತವಾಗಿ ಅಳಿಸಲೇ ಅಂತ ಕೇಳಿತು. ಎಸ್ ಒತ್ತಿದ. ತಪ್ಪಾದರೆ ರಿಸೈಕಲ್ ಬಿನ್‌ನಲ್ಲಿ ಇರುತ್ತದಲ್ಲ ಅಂತ ಧೈರ್ಯ. ಸಂಜೆ ನೋಡಿದರೆ ಅದರಲ್ಲಿ ಒಂದು, ಇನ್ನೂ ಆಲ್ಬಮ್ ಮಾಡಬೇಕಿದ್ದ ನಾಮಕರಣ. ಹೊಸಬರೊಬ್ಬರ ಮೊದಲ ಮಗುವಿನದು.

ಕಂಪ್ಯೂಟರಿನ ರಿಸೈಕಲ್ ಬಿನ್ ಆ ಕಂಪ್ಯೂಟರಿನ ಡಿಸ್ಕಿಗೆ ಸಂಬಂಧಪಟ್ಟದ್ದು. ನೆಟ್‌ವರ್ಕ್ ಡ್ರೈವ್‌ನಲ್ಲಿ ಅಳಿಸಿದ್ದು ಅಲ್ಲಿಗೆ ಬರುವುದಿಲ್ಲ, ನೇರವಾಗಿ ಹೋಗಿಬಿಡುತ್ತದೆ. ಆ ಹುಡುಗನಿಗೆ ಇದು ಹೇಗೆ ಗೊತ್ತಾಗಬೇಕು? ಸಿ ಪಕ್ಕದಲ್ಲಿ ಝಡ್ ಇದೆ, ಎರಡೂ ನೋಡಲು ಒಂದೇ ಥರ ಇವೆ. ಹಾಗೆ ಕಾಣುವಂತೆ ಮಾಡಿದ್ದು ನಾನು. ಅಳಿಸಿದ್ದನ್ನು ಸ್ವಲ್ಪ ದಿನ ಹಿಡಿದಿಡುವ ವ್ಯವಸ್ಥೆ ನ್ಯಾಸ್‌ನಲ್ಲೇ ಬೇರೆ ಇರುತ್ತದೆ. ಆ ಪೆಟ್ಟಿಗೆಯಲ್ಲಿ ಒಂದೊಂದು ಫೋಲ್ಡರಿಗೂ ಅದನ್ನು ಆನ್ ಮಾಡಬೇಕಿತ್ತು. ಒಂದು ಟಿಕ್ ಅಷ್ಟೇ. ನಾನು ಹಾಕಿರಲಿಲ್ಲ. ಎರಡು ಡಿಸ್ಕ್ ಮಿರರ್ ಇದ್ದರೂ ಏನೂ ಪ್ರಯೋಜನ ಆಗಲಿಲ್ಲ. ಒಂದರಲ್ಲಿ ಅಳಿಸಿದ್ದು ಅದೇ ಕ್ಷಣ ಇನ್ನೊಂದರಲ್ಲೂ ಅಳಿಯಿತು.

ರಾತ್ರಿ ಹನ್ನೊಂದರವರೆಗೂ ಕೂತೆವು. ಕ್ಯಾಮೆರಾದ ಎರಡು ಕಾರ್ಡಿನಲ್ಲಿ ಒಂದನ್ನು ಆಮೇಲೆ ಫಾರ್ಮ್ಯಾಟ್ ಮಾಡಿ ಬೇರೆ ಮದುವೆ ತೆಗೆದಿದ್ದರು. ಇನ್ನೊಂದು ಹಾಗೇ ಇತ್ತು. ಅದರಿಂದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಸಿಕ್ಕಿತು. ತೊಟ್ಟಿಲು ಶಾಸ್ತ್ರ ಸಿಕ್ಕಿತು. ಅಜ್ಜಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಫೋಟೋ ಸಿಗಲಿಲ್ಲ. ಆ ಮನೆಯವರಿಗೆ ಫೋನ್ ಮಾಡಿ ಹೇಳುವಾಗ ಫೋಟೋಗ್ರಾಫರ್ ಹೊರಗೆ ಜಗುಲಿಗೆ ಹೋದರು. ನಾನು ಒಳಗೆ ಕೂತು ಕೇಳಿಸಿಕೊಂಡೆ.

ಅವತ್ತಿನಿಂದ ಮ್ಯಾಪ್ ಮಾಡುವ ಕೆಲಸವನ್ನು ನಾನು ಬೇರೆ ಥರ ನೋಡುತ್ತೇನೆ. ಝಡ್ ಅನ್ನುವುದು ಡಿಸ್ಕ್ ಅಲ್ಲ, ದಾರಿ. ಇದನ್ನು ಮನೆಯವರಿಗೆ ಬಿಡಿಸಿ ಹೇಳುವುದೂ ನನ್ನ ಕೆಲಸದಲ್ಲಿ ಸೇರಿದೆ. ಇದು ತಿಳಿದರೆ ಬೇರೆ ಎಷ್ಟೋ ಗೊಂದಲ ತಾನೇ ಬಿಡಿಸಿಕೊಳ್ಳುತ್ತದೆ. ಆ ದಾರಿ ಲಾಗಿನ್ ಆದವರಿಗೆ ಮಾತ್ರ ಇರುವುದು. ಅದಕ್ಕೇ ಒಂದು ಸಾಫ್ಟ್‌ವೇರನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದರೆ ಅದಕ್ಕೆ ಝಡ್ ಕಾಣುವುದಿಲ್ಲ. ರಾತ್ರಿ ತಾನೇ ಓಡುವ ಬ್ಯಾಕಪ್‌ಗೂ ಎಷ್ಟೋ ಸಲ ಕಾಣುವುದಿಲ್ಲ. ಅಂಥ ಕಡೆ ನಾನು ಅಕ್ಷರ ಬಿಟ್ಟು ಪೂರ್ತಿ ವಿಳಾಸವನ್ನೇ ಕೊಡುತ್ತೇನೆ. ಒಂದೇ ಕಂಪ್ಯೂಟರಿನಿಂದ ಒಂದೇ ನ್ಯಾಸ್‌ಗೆ ಎರಡು ಬೇರೆ ಯೂಸರ್ ಹೆಸರಲ್ಲಿ ಹೋಗಲು ನೋಡಿದರೆ 1219 ಅಂತ ಎರರ್ ಬರುತ್ತದೆ. ಆಗ ಕಮಾಂಡ್ ಪ್ರಾಂಪ್ಟ್‌ನಲ್ಲಿ ನೆಟ್ ಯೂಸ್ ಅಂತ ಹೊಡೆದರೆ ಯಾವ್ಯಾವ ದಾರಿ ತೆರೆದಿದೆ ಅಂತ ಪಟ್ಟಿ ಬರುತ್ತದೆ. ಹಳೆಯದನ್ನು ಕಡಿದು ಹೊಸದು ಮಾಡಬೇಕು.

ಹಳೆಯ ಪೆಟ್ಟಿಗೆ ಇಟ್ಟುಕೊಂಡವರಿಗೆ ಒಂದು ಮಾತು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನುವ ರಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್) ಜಗತ್ತಿನ ತುಂಬ ಹರಡಿದ್ದು, ನೆಟ್‌ವರ್ಕ್‌ನಲ್ಲಿ ಫೈಲ್ ಹಂಚಿಕೊಳ್ಳುವ ಎಸ್‌ಎಂಬಿ 1 ಅನ್ನುವ ಹಳೆಯ ಪದ್ಧತಿಯ ತೂತಿನಿಂದ. ಅದೇ ವರ್ಷದ ಕೊನೆಗೆ ಬಂದ ವಿಂಡೋಸ್ 10ರ ಆವೃತ್ತಿಯಿಂದ, ಹೊಸದಾಗಿ ವಿಂಡೋಸ್ ಹಾಕಿದಾಗ ಅದು ಒಂದೋ ಇರುವುದಿಲ್ಲ, ಇಲ್ಲವೇ ಸ್ವಲ್ಪ ದಿನ ಬಳಸದಿದ್ದರೆ ತಾನೇ ತೆಗೆದುಹೋಗುತ್ತದೆ. ಹಳೆಯ ನ್ಯಾಸ್ ಕಾಣುತ್ತಿಲ್ಲ ಅಂತ ಕೆಲವರು ಅದನ್ನು ಮತ್ತೆ ಆನ್ ಮಾಡಿಕೊಡುತ್ತಾರೆ. ದಯವಿಟ್ಟು ಮಾಡಿಸಬೇಡಿ. ಪೆಟ್ಟಿಗೆಯ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ, ಆಗದಿದ್ದರೆ ಪೆಟ್ಟಿಗೆ ಬದಲಾಯಿಸಿ. ಕಂಪ್ಯೂಟರಿಗೆ ರಾನ್ಸಮ್‌ವೇರ್ ಹೊಕ್ಕರೆ ಝಡ್ ಮೂಲಕ ನ್ಯಾಸ್‌ನಲ್ಲಿರುವುದಕ್ಕೂ ಬೀಗ ಹಾಕಬಹುದು, ಯಾಕೆಂದರೆ ಬರೆಯುವ ಅಧಿಕಾರವನ್ನು ನಾವೇ ಕೊಟ್ಟಿರುತ್ತೇವೆ.

ಆ ಫೋಟೋಗ್ರಾಫರ್ ಮನೆಯಲ್ಲಿ ಈಗ ಎರಡು ಅಕ್ಷರ ಇವೆ. ಮುಗಿದ ಮದುವೆಗಳೆಲ್ಲ ವೈ ಡ್ರೈವ್‌ನಲ್ಲಿ. ಅದನ್ನು ನೋಡಬಹುದು, ಅಳಿಸಲು ಆಗುವುದಿಲ್ಲ. ನಡೆಯುತ್ತಿರುವ ಕೆಲಸ ಝಡ್‌ನಲ್ಲಿ. ಎರಡಕ್ಕೂ ನ್ಯಾಸ್‌ನ ಕಸದಬುಟ್ಟಿ ಆನ್ ಇದೆ, 60 ದಿನ ಹಿಡಿದಿಡುತ್ತದೆ. ವಾರಕ್ಕೊಮ್ಮೆ ಒಂದು ಎಕ್ಸ್‌ಟರ್ನಲ್ ಡಿಸ್ಕ್ ಸಿಕ್ಕಿಸಿ ಪೂರ್ತಿ ಕಾಪಿ ತೆಗೆದು, ಬಿಚ್ಚಿ ಬೀರುವಿನಲ್ಲಿಡುತ್ತಾರೆ. ಬಿಚ್ಚಿ ಇಡುವುದೇ ಮುಖ್ಯ. ನ್ಯಾಸ್ ಮೇಲೆ ಹೆಂಡತಿ ಬಿಳಿ ಟೇಪ್ ಅಂಟಿಸಿ ದಪ್ಪ ಮಾರ್ಕರಿನಲ್ಲಿ "ವೈ, ಝಡ್ ಇಲ್ಲಿದೆ" ಅಂತ ಬರೆದಿದ್ದಾರೆ.

ಮೊನ್ನೆ ಅವರದೇ ಫೋನ್ ಬಂತು. ಈ ಸಲ "ಝಡ್ ಹೋಯ್ತಾ" ಅಂತ ಕೇಳಲಿಲ್ಲ. "ಅಣ್ಣಾ, ಟಿವಿ ಪಕ್ಕದ ಪೆಟ್ಟಿಗೇಲಿ ಎರಡನೇ ಡಿಸ್ಕಿನ ದೀಪ ಕಿತ್ತಳೆ ಬಣ್ಣಕ್ಕೆ ಬಂದಿದೆ. ಫೋಟೋ ತೆರೀತಿವೆ. ವಾರದ ಕಾಪಿ ಈಗಷ್ಟೇ ತೆಗೆದಿಟ್ಟೆ. ಯಾವಾಗ ಬರ್ತೀರಿ?" ಮಧ್ಯಾಹ್ನ ಹೊಸ ಡಿಸ್ಕ್ ಹಿಡಿದು ಹೋದೆ. ಹಳೆಯದು ಎಳೆದು ಹೊಸದು ಕೂರಿಸಿದೆ. ರಾತ್ರಿಯೆಲ್ಲಾ ಅದು ಕಾಪಿ ಮಾಡಿಕೊಂಡು, ಬೆಳಿಗ್ಗೆ ಎರಡೂ ದೀಪ ಹಸಿರಾಗಿವೆ ಅಂತ ಫೋಟೋ ತೆಗೆದು ಕಳಿಸಿದರು.