ರೋಲ್ ನಂಬರ್ 11ರಿಂದ 20

ನಮ್ಮ ಕಾಲೇಜಿನ ಸಂಚಿಕೆಗೆ ನಿಮ್ಮ ನೆನಪುಗಳನ್ನು ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ, ಕ್ಯಾಂಟೀನಿನ ಮಿರ್ಚಿ, ಗ್ಯಾದರಿಂಗಿನ ನಾಟಕ, ಧಾರವಾಡದ ಬಿಡದ ಮಳೆ ಇವುಗಳನ್ನೇ ಬರೆಯೋಣವೆಂದು ಕುಳಿತೆ. ಅವುಗಳ ಬಗ್ಗೆ ನನಗಿಂತ ಚೆನ್ನಾಗಿ ಬರೆಯುವವರು ನಮ್ಮ ಬ್ಯಾಚಿನಲ್ಲೇ ಐದಾರು ಜನ ಇದ್ದಾರೆ. ನಾನು ಬರೆಯಬೇಕಾದದ್ದು 1992ರಲ್ಲಿ, ಬಿ.ಎ. ಕೊನೆಯ ವರ್ಷದಲ್ಲಿ ಓದಿದ ಅಪರಾಧಶಾಸ್ತ್ರದ ಪತ್ರಿಕೆಯ ಬಗ್ಗೆ, ಅದನ್ನು ಕಲಿಸಿದ ಸರ್ ಬಗ್ಗೆ. ಆ ಪತ್ರಿಕೆಯಲ್ಲಿ ನನಗೆ ಒಳ್ಳೆಯ ಅಂಕಗಳು ಬಂದವು. ತೊಂದರೆ ಇರುವುದೇ ಅಲ್ಲಿ.

ಅವರನ್ನು ನಾವು ‘ಅನೋಮಿ ಸರ್’ ಎಂದು ಕರೆಯುತ್ತಿದ್ದೆವು, ಬೆನ್ನ ಹಿಂದೆ. ಫ್ರೆಂಚ್ ಸಮಾಜಶಾಸ್ತ್ರಜ್ಞ ಡರ್ಖೈಮ್ ಹೇಳಿದ ಆ ಶಬ್ದಕ್ಕೆ ನಮ್ಮ ಪಠ್ಯದಲ್ಲಿ ಕೊಟ್ಟಿದ್ದ ಕನ್ನಡ ಪದ ಬಾಯಿಗೆ ಬರುತ್ತಿರಲಿಲ್ಲ; ಅವರೇ ಅದನ್ನು ಬಿಟ್ಟು ‘ಅನೋಮಿ’ ಎನ್ನುತ್ತಿದ್ದರು. ‘ದಾರಿ ತೋರುವ ಹಿರಿಯರೂ ಸತ್ತಿದ್ದಾರೆ, ಹೊಸ ದಾರಿಯೂ ಆಗಿಲ್ಲ, ಆದರೆ ಜನ ನಡೆಯುತ್ತಲೇ ಇದ್ದಾರೆ, ಅದು ಅನೋಮಿ’ ಎಂಬುದು ಅವರ ವ್ಯಾಖ್ಯಾನ. ನೋಟ್ಸ್ ಬರೆಸುತ್ತಿರಲಿಲ್ಲ. ಅರ್ಥ, ಲಕ್ಷಣ, ಕಾರಣ, ಪರಿಣಾಮ ಎಂದು ನಾಲ್ಕು ಶೀರ್ಷಿಕೆ ಕೊಟ್ಟರೆ ಸಾಕು ಎಂದು ಕಾಯುತ್ತಿದ್ದ ನಮಗೆ ಇದು ದೊಡ್ಡ ಅನ್ಯಾಯವೆನಿಸುತ್ತಿತ್ತು.

ಮೊದಲ ತರಗತಿಯಲ್ಲಿ ಹಿಂದಿನ ವಾರ ನಾವು ಮುರಿದ ನಿಯಮಗಳನ್ನು ಕೇಳಿದರು. ಮೊದಲು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಒಬ್ಬ, ಹುಬ್ಬಳ್ಳಿಯಿಂದ ಪ್ಯಾಸೆಂಜರ್ ರೈಲಿನಲ್ಲಿ ಟಿಕೆಟ್ ಇಲ್ಲದೆ ಬಂದದ್ದನ್ನು ಹೇಳಿದ. ಇನ್ನೊಬ್ಬ ದೀಪವಿಲ್ಲದ ಸೈಕಲ್ಲಿನಲ್ಲಿ ರಾತ್ರಿ ಡಬಲ್ ರೈಡ್ ಹೊಡೆದಿದ್ದ. ಲೈಬ್ರರಿ ಪುಸ್ತಕದ ಹಾಳೆ, ಸುಳ್ಳು ವೈದ್ಯಕೀಯ ಪ್ರಮಾಣಪತ್ರ, ಪಕ್ಕದ ಹೊಲದ ಕಡಲೆಗಿಡ ಹೀಗೆ ಬೋರ್ಡು ತುಂಬಿತು. ‘ಇವರಲ್ಲಿ ಸಿಕ್ಕಿಬಿದ್ದವರು ಎಷ್ಟು?’ ಎಂದರು. ಒಂದು ಕೈಯೂ ಏಳಲಿಲ್ಲ. ‘ಹಾಗಾದರೆ ಜೈಲಿನಲ್ಲಿರುವವರನ್ನು ನೋಡಿ ಅಪರಾಧಿ ಎಂದರೆ ಯಾರು ಎಂದು ತಿಳಿಯುವುದು ಹೇಗೆ?’

ಅಲ್ಲಿಂದ ಡರ್ಖೈಮ್‌ಗೆ ಬಂದರು. ಅಪರಾಧವಿಲ್ಲದ ಸಮಾಜ ಎಲ್ಲಿಯೂ ಇಲ್ಲ, ಸಂತರೇ ತುಂಬಿರುವ ಮಠದಲ್ಲಿಯೂ ಹೊರಗಿನವರಿಗೆ ಕಾಣಿಸದಷ್ಟು ಸಣ್ಣ ತಪ್ಪು ಅಲ್ಲಿನವರಿಗೆ ಘೋರವಾಗಿ ಕಾಣುತ್ತದೆ ಎಂದು ಆತ 1895ರಲ್ಲಿ ಬರೆದದ್ದನ್ನು ಹೇಳಿದರು. ಇಂದಿನ ಅಪರಾಧ ನಾಳಿನ ನೀತಿಯಾಗಬಹುದು ಎಂಬುದಕ್ಕೆ ಡರ್ಖೈಮ್ ಕೊಟ್ಟ ಉದಾಹರಣೆ ಸಾಕ್ರೆಟಿಸ್. ಸರ್ ಅದನ್ನು ಒಂದೇ ವಾಕ್ಯದಲ್ಲಿ ಮುಗಿಸಿ ಕಲ್ಯಾಣಕ್ಕೆ ಬಂದರು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾಯಿತೆಂದು ಆ ಇಬ್ಬರು ತಂದೆಯರನ್ನು ಆನೆಯ ಕಾಲಿಗೆ ಕಟ್ಟಿ ಎಳೆಸಿದರು ಎಂದು ಶರಣರ ಕಥನಗಳು ಹೇಳುತ್ತವೆ. ‘ಎಳೆಹೂಟೆ ಮಾಡಿದ ಕೈಗೆ ಅದು ನ್ಯಾಯವೇ ಆಗಿತ್ತು, ತಮ್ಮಾ. ಯಾವ ದೊರೆಯೂ ತಾನು ಅನ್ಯಾಯ ಮಾಡುತ್ತಿದ್ದೇನೆ ಎಂದು ಡಂಗುರ ಹೊಡೆಸುವುದಿಲ್ಲ.’ ಬೀದಿಯಲ್ಲಿ ಎಲ್ಲರೆದುರು ಏಕೆ ಎಳೆಸಿದರು, ಒಳಗೇ ಏಕೆ ಕೊಲ್ಲಲಿಲ್ಲ ಎಂಬ ಪ್ರಶ್ನೆಯನ್ನು ನಮಗೆ ಬಿಟ್ಟು ಗಂಟೆ ಹೊಡೆಯುವ ಮೊದಲೇ ಹೊರಟುಹೋದರು. ಶಿಕ್ಷೆಯ ನಿಜವಾದ ಪ್ರೇಕ್ಷಕ ಅಪರಾಧಿಯಲ್ಲ, ನೋಡುತ್ತ ನಿಂತ ಊರು ಎಂಬ ಉತ್ತರ ನನಗೆ ಹೊಳೆದದ್ದು ಪರೀಕ್ಷೆಯ ಹಿಂದಿನ ರಾತ್ರಿ.

ಅಮೆರಿಕದ ಸಮಾಜಶಾಸ್ತ್ರಜ್ಞ ಮರ್ಟನ್ ಪಾಠ ಮಜವಾಗಿತ್ತು. ಸಮಾಜ ಎಲ್ಲರಿಗೂ ಒಂದೇ ಗುರಿ ತೋರಿಸುತ್ತದೆ, ಅಲ್ಲಿಗೆ ಹೋಗುವ ಏಣಿಯನ್ನು ಮಾತ್ರ ಎಲ್ಲರಿಗೂ ಕೊಡುವುದಿಲ್ಲ. ಏಣಿ ಸಿಗದವರು ಏನು ಮಾಡುತ್ತಾರೆ ಎಂದು 1938ರ ಲೇಖನದಲ್ಲಿ ಆತ ಐದು ಬಗೆ ಹೇಳಿದ್ದಾನೆ. ಸರ್ ಆ ಐದು ಬಗೆಗೆ ನಮ್ಮನ್ನೇ ಹಂಚಿದರು. ಕಾಪಿ ಹೊಡೆಯುವವನು ಹೊಸ ದಾರಿ ಹುಡುಕಿದವನು; ಹಿಂದಿನ ಬೆಂಚಿನಲ್ಲಿ ನಿದ್ದೆ ಮಾಡುವವನು ಗುರಿಯನ್ನೂ ದಾರಿಯನ್ನೂ ಬಿಟ್ಟವನು. ನನ್ನನ್ನು ಮಾತ್ರ, ಗುರಿ ಮರೆತು ವಿಧಿಯನ್ನು ತಪ್ಪದೆ ಪಾಲಿಸುವವರ ಸಾಲಿಗೆ ಸೇರಿಸಿದರು. ಮುಂದೆ ನಾನು ಬ್ಯಾಂಕಿನಲ್ಲಿ ಗುಮಾಸ್ತನಾದೆ ಎಂಬುದನ್ನು ಇಲ್ಲಿ ಹೇಳಿದರೆ ಸಾಕು. ಮರ್ಟನ್ ಹುಟ್ಟಿದಾಗಿನ ಹೆಸರು ಮರ್ಟನ್ ಆಗಿರಲಿಲ್ಲ, ಬಡ ಯೆಹೂದಿ ವಲಸಿಗರ ಮಗನಾದ ಆತ ಹದಿಹರೆಯದಲ್ಲಿ ಹೊಸ ಹೆಸರು ಇಟ್ಟುಕೊಂಡ ಎಂಬುದು ನನಗೆ ಎಷ್ಟೋ ವರ್ಷಗಳ ಮೇಲೆ ಗೊತ್ತಾಯಿತು. ಆಗಲೇ ಗೊತ್ತಿದ್ದರೆ ನನ್ನ ಪಕ್ಕ ಕೂರುತ್ತಿದ್ದ ಗೆಳೆಯನಿಗೆ ಹೇಳುತ್ತಿದ್ದೆ. ಅವನು ಅರ್ಜಿಗಳಲ್ಲಿ ತನ್ನ ಓಣಿಯ ಹೆಸರು ಬಿಟ್ಟು ಪಕ್ಕದ ಬಡಾವಣೆಯ ಹೆಸರು ಬರೆಯುತ್ತಿದ್ದ.

ಅವನು ಹುಬ್ಬಳ್ಳಿಯ ಸೆಟ್ಲ್‌ಮೆಂಟಿನವನು.

ಈಗಿನ ವಿದ್ಯಾರ್ಥಿಗಳಿಗೆ ಆ ಹೆಸರಿನ ಮೂಲ ತಿಳಿದಿರಲಿಕ್ಕಿಲ್ಲ. ನಮಗೂ ತಿಳಿದಿರಲಿಲ್ಲ. ಹುಬ್ಬಳ್ಳಿಯಲ್ಲಿ, ಗದಗದಲ್ಲಿ ಸೆಟ್ಲ್‌ಮೆಂಟ್ ಎಂದರೆ ಒಂದು ಓಣಿ, ಅಷ್ಟೇ. ಅದು ಕಾನೂನಿನಿಂದ ಬಂದ ಹೆಸರು ಎಂದು ಮೊದಲು ಹೇಳಿದವರು ಸರ್. 1871ರಲ್ಲಿ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದಿತು. ಇಲ್ಲಿ ನೇಕಾರನ ಮಗ ನೇಕಾರ, ಬಡಗಿಯ ಮಗ ಬಡಗಿ. ಹಾಗೆಯೇ ಕಳ್ಳನ ಮಗ ಕಳ್ಳ ಎಂಬುದು ಅದನ್ನು ತಂದವರ ವಾದ. ಒಂದು ಸಮುದಾಯವನ್ನು ಅಪರಾಧಿ ಎಂದು ಸರ್ಕಾರ ಘೋಷಿಸಿದರೆ ಅದನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿರಲಿಲ್ಲ. ಹೆಸರು ರಿಜಿಸ್ಟರಿನಲ್ಲಿ ಬೀಳುತ್ತಿತ್ತು. ಊರು ಬಿಟ್ಟು ಹೋಗಬೇಕಾದರೆ ಪಾಸ್ ಬೇಕು, ದಿನವೂ ಹಾಜರಿ ಕೊಡಬೇಕು. ಮೊದಲು ಉತ್ತರ ಭಾರತದಲ್ಲಿದ್ದ ಇದು 1911ರ ಕಾಯ್ದೆಯೊಂದಿಗೆ ಮುಂಬಯಿ, ಮದ್ರಾಸ್ ಪ್ರಾಂತ್ಯಗಳಿಗೂ ಬಂತು, ಬೆರಳಚ್ಚನ್ನೂ ತಂದಿತು. ಅಲೆಮಾರಿಗಳನ್ನು ಒಂದೆಡೆ ಕೂರಿಸಿ ಸುತ್ತ ಬೇಲಿ ಹಾಕಿದ ಜಾಗವೇ ಸೆಟ್ಲ್‌ಮೆಂಟ್. ಸೊಲ್ಲಾಪುರದಲ್ಲಿ ಅಲ್ಲಿಂದ ಹತ್ತಿ ಗಿರಣಿಗಳಿಗೆ ಆಳುಗಳೂ ಸಿಕ್ಕರು.

ಸರ್ ಒತ್ತಿ ಹೇಳಿದ್ದು ಇನ್ನೊಂದು ಸಂಗತಿ. ಕೊರವರು ದನ, ಕತ್ತೆಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಕರಾವಳಿಯಿಂದ ಒಳನಾಡಿಗೆ ವ್ಯಾಪಾರ ಮಾಡುತ್ತಿದ್ದವರು. ಲಂಬಾಣಿಗಳು ದಂಡಿಗೆ ದವಸ ಸಾಗಿಸಿದವರು. ರೈಲು ಬಂತು, ಸರ್ಕಾರದ ಉಪ್ಪಿನ ನೀತಿ ಬಂತು. ಕಸುಬು ಹೋಯಿತು, ಅಲೆದಾಟ ಮಾತ್ರ ಉಳಿಯಿತು. ‘ಸರಕಿಲ್ಲದೆ ಅಲೆಯುವವನು ಪೊಲೀಸನ ಕಣ್ಣಿಗೆ ಹೇಗೆ ಕಾಣುತ್ತಾನೆ?’ ಎಂದು ಕೇಳಿದರು. 1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು. ಆ ಸಮುದಾಯಗಳು ‘ವಿಮುಕ್ತ’ರಾದವು. ಹಲವು ರಾಜ್ಯಗಳಲ್ಲಿ ಅದರ ಜಾಗಕ್ಕೆ ರೂಢಿಗತ ಅಪರಾಧಿಗಳ ಕಾಯ್ದೆ ಎಂಬ ಇನ್ನೊಂದು ರಿಜಿಸ್ಟರ್ ಬಂತು.

ಮರುದಿನ ಸರ್ ಹಾಜರಿ ಪುಸ್ತಕ ತೆಗೆದು, ‘ರೋಲ್ ನಂಬರ್ 11ರಿಂದ 20, ಶನಿವಾರದವರೆಗೆ ನೀವು ಅಧಿಸೂಚಿತರು’ ಎಂದರು. ನನ್ನದು 14. ನಾವು ಹತ್ತು ಜನ ತರಗತಿಯ ಆರಂಭದಲ್ಲಿ, ನಡುವೆ, ಕೊನೆಯಲ್ಲಿ ಮೂರು ಸಲ ಎದ್ದು ನಿಂತು ಹಾಜರಿ ಹೇಳಬೇಕು. ನೀರು ಕುಡಿಯಲು ಹೋಗಬೇಕಾದರೆ ಚೀಟಿ. ಮೊದಲ ದಿನ ನಗೆಯೋ ನಗೆ. ಮೂರನೆಯ ದಿನ ಮೇಜಿನ ಮೇಲಿದ್ದ ಸೀಮೆಸುಣ್ಣದ ಡಬ್ಬಿ ಕಾಣೆಯಾಯಿತು. ಸರ್ ಏನೂ ಹೇಳಲಿಲ್ಲ. ಅರವತ್ತು ಜನರ ತರಗತಿಯಲ್ಲಿ ಐವತ್ತು ಮುಖಗಳು ತಾವಾಗಿಯೇ ನಮ್ಮತ್ತ ತಿರುಗಿದವು. ಡಬ್ಬಿ ಅವರ ಕೋಟಿನ ಜೇಬಿನಲ್ಲಿತ್ತು. ಆದರೆ ಆ ಒಂದು ನಿಮಿಷದಲ್ಲಿ ನಾನು, ಕದಿಯದ ನಾನು, ಕಿಟಕಿಯ ಕಡೆ ನೋಡುತ್ತ ಬೆವರಿದ್ದೆ. ತಪ್ಪು ಎಂಬುದು ಕೆಲಸದೊಳಗೆ ಇರುವ ಗುಣವಲ್ಲ, ನೋಡುವವರು ಅಂಟಿಸುವ ಹಣೆಪಟ್ಟಿ ಎಂದು 1963ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಬೆಕರ್ ಹೇಳಿದ್ದನ್ನು ಅವರು ಆಮೇಲೆ ವಿವರಿಸಿದರು. ವಿವರಿಸುವ ಅಗತ್ಯ ನಮಗೆ ಹತ್ತು ಜನರಿಗೆ ಇರಲಿಲ್ಲ.

ಶನಿವಾರ, ಈ ಆಟದಲ್ಲಿ ನಿಜದ ಕಾಯ್ದೆಗಿಂತ ಏನು ಕಡಿಮೆಯಿತ್ತು ಎಂದು ಕೇಳಿದರು. ಬೇಲಿ, ಪೊಲೀಸ್, ಬೆರಳಚ್ಚು ಎಂದು ಒಬ್ಬೊಬ್ಬರು ಒಂದೊಂದು ಹೇಳಿದೆವು. ಎಂದೂ ಬಾಯಿ ಬಿಡದ ನನ್ನ ಗೆಳೆಯ ಎದ್ದು ನಿಂತ. ‘ಸರ್, ಇದು ಶನಿವಾರ ಮುಗಿಯುತ್ತದೆ ಎಂದು ಇವರಿಗೆ ಮೊದಲೇ ಗೊತ್ತಿತ್ತು.’ ಸರ್ ಬಹಳ ಹೊತ್ತು ಅವನನ್ನೇ ನೋಡಿದರು. ಅಂದು ಸಂಜೆ ಬಸ್ ನಿಲ್ದಾಣದತ್ತ ನಡೆಯುವಾಗ ಅವನು ನನಗೆ ತನ್ನ ಅಜ್ಜಿಯ ಕಥೆ ಹೇಳಿದ. ಮದುವೆಯಾಗಿ ಬಂದ ಹೊಸತರಲ್ಲಿ ಆಕೆ ಹಸಿ ಬಾಣಂತಿಯಾಗಿಯೂ ಹಾಜರಿ ಕೊಡಲು ಹೋಗಿ ನಿಂತಿದ್ದಳಂತೆ. ‘ನಿನಗೊಬ್ಬನಿಗೇ ಹೇಳಿದ್ದು’ ಎಂದ.

ಆ ವರ್ಷ ಏಪ್ರಿಲ್‌ನಲ್ಲಿ ಷೇರುಪೇಟೆಯ ಹಗರಣ ಹೊರಬಿದ್ದು ಹರ್ಷದ್ ಮೆಹ್ತಾ ಹೆಸರು ಎಲ್ಲರ ಬಾಯಲ್ಲಿತ್ತು. ದೊಡ್ಡವರ ಅಪರಾಧಗಳ ಬಗ್ಗೆ ಬರೆದ ಸಮಾಜಶಾಸ್ತ್ರಜ್ಞ ಸದರ್‌ಲ್ಯಾಂಡ್ ಪಾಠಕ್ಕೆ ಸರ್‌ಗೆ ಬೇರೆ ಉದಾಹರಣೆ ಬೇಕಿರಲಿಲ್ಲ. ಅಮೆರಿಕದ ಎಪ್ಪತ್ತು ದೊಡ್ಡ ಕಂಪನಿಗಳ ಕಾನೂನುಭಂಗಗಳನ್ನು ಲೆಕ್ಕ ಹಾಕಿದ ಆತನ ಪುಸ್ತಕ 1949ರಲ್ಲಿ ಬಂದಾಗ, ಮೊಕದ್ದಮೆಯ ಹೆದರಿಕೆಯಿಂದ ಕಂಪನಿಗಳ ಹೆಸರುಗಳನ್ನೇ ತೆಗೆಯಲಾಗಿತ್ತು. ಹೆಸರುಗಳೊಂದಿಗೆ ಅಚ್ಚಾದದ್ದು 1983ರಲ್ಲಿ. ‘ಕೆಲವರ ಹೆಸರು ತಪ್ಪು ಮಾಡಿದ ಮೇಲೂ ಅಳಿಸುತ್ತದೆ. ಕೆಲವರದು ಹುಟ್ಟುವ ಮೊದಲೇ ಬರೆದಿರುತ್ತದೆ.’ ಕಿರುಪರೀಕ್ಷೆಯಲ್ಲಿ ಹಣೆಪಟ್ಟಿ ಸಿದ್ಧಾಂತದ ಮೇಲೆ ನಾನು ಆರು ಪುಟ ಬರೆದೆ. ಇಡೀ ತರಗತಿಗೆ ನನ್ನದೇ ಹೆಚ್ಚಿನ ಅಂಕ.

ದಸರೆ ರಜೆ ಮುಗಿದ ವಾರ, ನಾವು ಇಪ್ಪತ್ತಾರು ಜನ ಇದ್ದ ಖಾಸಗಿ ವಸತಿನಿಲಯದಲ್ಲಿ ಊಟದ ಲೆಕ್ಕದ ದುಡ್ಡು ಕಳುವಾಯಿತು. ಸಾವಿರದ ಚಿಲ್ಲರೆ ರೂಪಾಯಿ. ಆಗ ಅದು ಸಣ್ಣ ಮೊತ್ತವಲ್ಲ. ಮೇಲ್ವಿಚಾರಕರು ಎಲ್ಲರನ್ನೂ ಸಾಲಾಗಿ ಕೂರಿಸಿ, ಸಹಿಯಿಲ್ಲದ ಚೀಟಿಯಲ್ಲಿ ನಿಮ್ಮ ಅನುಮಾನ ಯಾರ ಮೇಲೆ, ಎರಡು ಹೆಸರು ಬರೆಯಿರಿ ಎಂದರು. ನಾನು ಮೊದಲ ಹೆಸರು ಬರೆದೆ. ಏಕೆ ಬರೆದೆ ಎಂದು ಈ ಮೂವತ್ತೆರಡು ವರ್ಷಗಳಲ್ಲಿ ನನಗೆ ನಾನೇ ಕೊಟ್ಟುಕೊಂಡ ಕಾರಣಗಳು ಹಲವು, ಒಂದೂ ನಿಲ್ಲುವುದಿಲ್ಲ. ಅವನು ಕದ್ದಿದ್ದಾನೆ ಎಂದು ನಾನು ನಂಬಿರಲಿಲ್ಲ. ಏನಾದರೂ ಬರೆಯಬೇಕಿತ್ತು, ಕೈಗೆ ಆ ಹೆಸರು ಬಂತು. ಚೀಟಿಗಳನ್ನು ಬಿಡಿಸಿ ನೋಡಿದ ಮೇಲ್ವಿಚಾರಕರು, ಉಳಿದದ್ದೆಲ್ಲ ಚದುರಿದೆ, ಎರಡು ಚೀಟಿಗಳಲ್ಲಿ ಮಾತ್ರ ಒಂದೇ ಹೆಸರು ಮೊದಲಿದೆ ಎಂದರು. ಗೆಳೆಯನ ಟ್ರಂಕನ್ನು ಪಡಸಾಲೆಯಲ್ಲಿ ಎಲ್ಲರೆದುರು ಬುಡಮೇಲು ಮಾಡಿದರು. ಎರಡು ಅಂಗಿ, ಬೆಳಗಾವಿಯ ಕುಂದಾದ ಖಾಲಿ ಡಬ್ಬಿಯಲ್ಲಿ ಶೇಂಗಾ ಚಟ್ನಿ, ನನ್ನ ಕೈಬರಹದ ಟಿಪ್ಪಣಿಗಳು. ಕಳ್ಳ ಯಾರೆಂದು ಕೊನೆಗೂ ತಿಳಿಯಲಿಲ್ಲ. ತಿಂಗಳೊಳಗೆ ಅವನು ನಿಲಯ ಬಿಟ್ಟು ಹುಬ್ಬಳ್ಳಿಯಿಂದಲೇ ಓಡಾಡತೊಡಗಿದ.

ಸರ್‌ಗೆ ವಿಷಯ ತಿಳಿದಿತ್ತೆಂದು ನನ್ನ ಊಹೆ. ಅವರು ಏನೂ ಕೇಳಲಿಲ್ಲ. ಮುಂದಿನ ಪಾಠ ಇಂಗ್ಲಿಷ್ ಚಿಂತಕ ಬೆಂಥಮ್‌ನ ಜೈಲಿನ ನಕ್ಷೆ: ಸುತ್ತ ಕೋಣೆಗಳು, ನಡುವೆ ಗೋಪುರ, ಕಾವಲುಗಾರ ಒಳಗಿದ್ದಾನೋ ಇಲ್ಲವೋ ಕೈದಿಗೆ ಕಾಣದಂತೆ. ಬೆಂಗಳೂರಿಗೆ ವರ್ಗವಾಗಿ ಬಂದ ಮೇಲೆ ಫ್ರೀಡಂ ಪಾರ್ಕಿಗೆ ಹೋದಾಗಲೆಲ್ಲ ಆ ಪಾಠ ನೆನಪಾಗುತ್ತದೆ. ಹಳೆಯ ಸೆಂಟ್ರಲ್ ಜೈಲಿನ ನಡುಗೋಪುರ ಅಲ್ಲಿ ಹಾಗೆಯೇ ಇದೆ. ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಇದ್ದ ಜೈಲು ಅದು. ಈಗ ಜನ ಅಲ್ಲಿ ಬೆಳಗಿನ ನಡಿಗೆಗೆ ಬರುತ್ತಾರೆ. ಗೋಪುರದ ಮೇಲೆ ಯಾರೂ ಇಲ್ಲವೆಂದು ಗೊತ್ತಿದ್ದರೂ ನಾನು ಒಮ್ಮೆ ಕತ್ತೆತ್ತಿ ನೋಡುತ್ತೇನೆ.

2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟಿನ ಒಂದು ತೀರ್ಪು ಬಂತು. ಜೈಲುಗಳಲ್ಲಿ ಜಾತಿ ನೋಡಿ ಕೆಲಸ ಹಂಚುವುದು, ವಿಮುಕ್ತ ಸಮುದಾಯದವರನ್ನು ಹುಟ್ಟಾ ಅಪರಾಧಿಗಳಂತೆ ಕಾಣುವುದು ಸಂವಿಧಾನಕ್ಕೆ ವಿರುದ್ಧ, ಕೈದಿಗಳ ರಿಜಿಸ್ಟರಿನಿಂದ ಜಾತಿಯ ಕಾಲಂ ತೆಗೆಯಿರಿ ಎಂದು ಅದು ಹೇಳಿತು. ಸರ್ ಬದುಕಿದ್ದರೆ ಪತ್ರಿಕೆಯ ಆ ಪುಟ ಕತ್ತರಿಸಿಕೊಂಡು ತರಗತಿಗೆ ಬರುತ್ತಿದ್ದರು. ನಾನು ಕತ್ತರಿಸಿ, ಅದೇ ಡಿಸೆಂಬರಿನಲ್ಲಿ ನಮ್ಮ ಬ್ಯಾಚಿನವರು ಸೇರಿದಾಗ ಜೇಬಿನಲ್ಲಿಟ್ಟುಕೊಂಡು ಹೋದೆ. ಗೆಳೆಯ ಬಂದಿದ್ದ. ಊಟದ ಸಾಲಿನಲ್ಲಿ ನನ್ನ ಮುಂದೆಯೇ ನಿಂತಿದ್ದ. ಕಾಗದ ಕೊಟ್ಟೆ, ಓದಿದ, ಮಡಿಚಿ ವಾಪಸ್ ಕೊಟ್ಟ. ಆಗ ಹೇಳಿಬಿಟ್ಟೆ: ಎರಡು ಚೀಟಿಗಳಲ್ಲಿ ಒಂದು ನನ್ನದು.

‘ಗೊತ್ತು’ ಎಂದ. ‘ಇನ್ನೊಂದು ನನ್ನದು.’

ನನಗೆ ಅರ್ಥವಾಗಲಿಲ್ಲ. ಅವನು ತಟ್ಟೆ ಒರೆಸುತ್ತ ಹೇಳಿದ: ‘ನಿನಗೆ ಅಜ್ಜಿಯ ಕಥೆ ಹೇಳಿದ್ದೆನಲ್ಲ, ನೀನು ಎಲ್ಲರಿಗೂ ಹೇಳಿರುತ್ತೀ, ಎಲ್ಲರೂ ನನ್ನ ಹೆಸರೇ ಬರೆಯುತ್ತಾರೆ ಎಂದುಕೊಂಡಿದ್ದೆ. ಇಪ್ಪತ್ತೈದು ಚೀಟಿಗಳಲ್ಲಿ ನನ್ನ ಹೆಸರಿದ್ದು ಒಂದರಲ್ಲಿ ಇಲ್ಲದಿದ್ದರೆ, ಆ ಒಂದು ನನ್ನದೇ ಎಂದು ತಿಳಿಯುವುದಿಲ್ಲವೇ? ಅದಕ್ಕೇ ಬರೆದೆ. ಎರಡೇ ಎಂದಾಗ ಸಮಾಧಾನವಾಯಿತು. ನೀನು ಯಾರಿಗೂ ಹೇಳಿರಲಿಲ್ಲ.’

ಆ ಎರಡನೆಯ ಚೀಟಿ ನನ್ನ ಕೊಠಡಿಯಲ್ಲಿದ್ದ ಇನ್ನೊಬ್ಬನದು ಎಂದು ನಾನು ಅಂದೇ ತೀರ್ಮಾನಿಸಿದ್ದೆ. ಅವನ ಮದುವೆಗೆ ಹೋಗಿರಲಿಲ್ಲ, ಅವನು ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಸಾಲಿನ ತುದಿಯಲ್ಲಿ ಅವನೇ ಸೌಟು ಹಿಡಿದು ಎಲ್ಲರಿಗೂ ಗೋಧಿ ಹುಗ್ಗಿ ಬಡಿಸುತ್ತಿದ್ದ. ನನ್ನ ಸರದಿ ಬಂದಾಗ ಇನ್ನೊಂದು ಸೌಟು ಹಾಕಲೇ ಎಂದು ಕೇಳಿದ.