ಸೂಜಿ ನೋಡುತ್ತಿದ್ದ ಮೇಷ್ಟ್ರು

ಮೇಷ್ಟ್ರು ಹೋದರು ಅನ್ನೋ ಸುದ್ದಿ ಬಂದಾಗ ನಾನು ಆಫೀಸಿನ ಮೀಟಿಂಗ್‌ನಲ್ಲಿದ್ದೆ. ಎದುರಿನ ಪರದೆಯಲ್ಲಿ ಒಂದು ರೇಡಿಯೋ ರಿಸೀವರ್‌ನ ಪವರ್ ಲೆಕ್ಕ. ಅವರಿದ್ದಿದ್ದರೆ "ಲೆಕ್ಕ ಇರಲಿ, ಅಳೆದಿರಾ?" ಅಂತ ಕೇಳುತ್ತಿದ್ದರು.

ಕಾಲೇಜಲ್ಲಿ ಓದಿದ್ದೆಲ್ಲ ಪರೀಕ್ಷೆಯ ಮರುದಿನವೇ ತಲೆಯಿಂದ ಇಳಿದುಹೋಯಿತು. ಉಳಿದಿದ್ದು ಲ್ಯಾಬಿನ ಒಂದು ಮೂಲೆ. ಅಲ್ಲಿ ಮೇಷ್ಟ್ರು ಕೈಯಾರೆ ಕಟ್ಟಿದ ಡಿಜಿಟಲ್ ರಿಸೀವರ್, ಅದು ಎಷ್ಟು ಕರೆಂಟ್ ಎಳೆಯುತ್ತೆ ಅಂತ ತೋರಿಸೋಕೆ ಒಂದು ಹಳೇ ಸೂಜಿ ಮೀಟರ್. ಸೂಜಿ ಸೊನ್ನೆಗೆ ಬರುತ್ತಲೇ ಇರಲಿಲ್ಲ, ಒಂದು ಗೆರೆ ಮುಂದೆ ನಿಲ್ಲುತ್ತಿತ್ತು. "ಒಂದು ಕಳೀರಿ" ಅನ್ನುತ್ತಿದ್ದರು, ಪ್ರತಿ ಸಲ.

ಅವರ ಮಾತು ಇಷ್ಟೇ. ಎಲ್ಲರೂ ರಿಸೀವರನ್ನು ಅತಿ ಕೆಟ್ಟ ದಿನಕ್ಕೆ ಅಂತ ಕಟ್ಟುತ್ತಾರೆ. ಸಿಗ್ನಲ್ ಬಡಕಲು, ಪಕ್ಕದ ಚಾನೆಲ್‌ನಲ್ಲಿ ಗದ್ದಲ. ಅಂಥ ದಿನ ಬರೋದು ಅಪರೂಪ. ಮಿಕ್ಕ ದಿನ, ಗದ್ದಲ ಸೋಸೋ 64 ಟ್ಯಾಪ್‌ನ ಫಿಲ್ಟರ್ ಟ್ಯಾಪಿಗೊಂದರಂತೆ ಸುಮ್ನೆ ಗುಣಾಕಾರ ಮಾಡುತ್ತಾ ಬ್ಯಾಟರಿ ತಿನ್ನುತ್ತದೆ. ಪಕ್ಕದಲ್ಲಿ ಗದ್ದಲ ಇಲ್ಲವಾ? ಅವರ ರಿಸೀವರ್‌ಗೆ 16 ಟ್ಯಾಪ್ ಸಾಕಿತ್ತು, ಉಳಿದವುಗಳ ಕ್ಲಾಕ್, ಅಂದರೆ ಅವನ್ನು ಓಡಿಸೋ ಮಿಡಿತ, ನಿಂತುಬಿಡುತ್ತಿತ್ತು. ಸಿಗ್ನಲನ್ನು ಅಂಕಿಯಾಗಿಸೋ ಎಡಿಸಿಯ ಒಂದೊಂದು ಬಿಟ್‌ಗೂ ಸುಮಾರು 6 ಡೆಸಿಬೆಲ್ (ಸಿಗ್ನಲ್ ಮಟ್ಟದ ಅಳತೆ) ಹೆಚ್ಚು ವ್ಯಾಪ್ತಿ ಸಿಗುತ್ತದೆ. ಬೇಡದಾಗ ಅದನ್ನೂ ಬಿಡಬಹುದು. ಕೆಲಸ ಕಮ್ಮಿಯಾದರೆ ಕ್ಲಾಕ್ ನಿಧಾನ ಮಾಡಿ ವೋಲ್ಟೇಜ್ ಇಳಿಸಬಹುದು. ವೋಲ್ಟೇಜ್ ಅರ್ಧ ಆದರೆ ಸ್ವಿಚಿಂಗ್‌ಗೆ ಸುಡೋ ಶಕ್ತಿ ಕಾಲು ಭಾಗಕ್ಕೆ ಬರುತ್ತದೆ. "ದುಡಿಯೋದು ಕತ್ತೆಗೂ ಗೊತ್ತು, ಸುಮ್ನಿರೋದನ್ನ ಕಲಿಸಿ" ಅನ್ನುತ್ತಿದ್ದರು.

ಆ ರಿಸೀವರನ್ನು ಕ್ಲಾಸಿಗೆ ತೋರಿಸೋ ದಿನ ನಾವು ಮೂವರು ಕಿತಾಪತಿ ಮಾಡಿದೆವು. ಹಿಂದಿನ ಬೆಂಚಿನ ಸಿಗ್ನಲ್ ಜನರೇಟರ್‌ಗೆ ಗೇಣುದ್ದ ವೈರ್ ಸಿಕ್ಕಿಸಿ, ಅವರ ಪಕ್ಕದ ಚಾನೆಲ್‌ಗೆ ತಿರುಗಿಸಿ ಆನ್ ಮಾಡಿದೆವು. ರಿಸೀವರ್ ಕಿರುಚುತ್ತೆ, ಕ್ಲಾಸು ಬೇಗ ಬಿಡುತ್ತೆ ಅಂತ ನಮ್ಮ ಎಣಿಕೆ. ಒಂದು ಗಳಿಗೆ ಕರಕರ ಅಂದಿತು, ಅಷ್ಟೇ. ದನಿ ಮತ್ತೆ ತಿಳಿಯಾಯಿತು. ಆದರೆ ಸೂಜಿ 18 ಮಿಲಿಆಂಪಿಯರ್‌ನಿಂದ 41ಕ್ಕೆ ಟಕ್ಕಂತ ಹಾರಿತು. ಮೇಷ್ಟ್ರು ಅದರಿಂದ ಕಣ್ಣೇ ತೆಗೆಯಲಿಲ್ಲ. "ಪಕ್ಕದ ಮನೆಗೆ ಯಾರೋ ನೆಂಟರು ಬಂದ ಹಾಗಿದೆ. ಹಿಂದಿನ ಬೆಂಚಿನವರು, ಅಲ್ವಾ?"

ಶಿಕ್ಷೆ ಏನು ಗೊತ್ತಾ? ಸಂಜೆ ಉಳಿದು, ಜನರೇಟರ್ ಮಟ್ಟವನ್ನು ಒಂದೊಂದೇ ಡೆಸಿಬೆಲ್ ಏರಿಸುತ್ತಾ ಸೂಜಿ ಎಲ್ಲಿದೆ ಅಂತ ಬರೆಯಬೇಕು. ಒಂದು ಮಟ್ಟಕ್ಕೆ ಬಂದಾಗ ಸೂಜಿ ಕುಣಿಯತೊಡಗಿತು. 18, 41, ಮತ್ತೆ 18. ರಿಸೀವರ್‌ಗೆ ಮಲಗೋದಾ ಏಳೋದಾ ಅನ್ನೋದೇ ತೀರ್ಮಾನ ಆಗುತ್ತಿರಲಿಲ್ಲ. ಏಳೋದಕ್ಕೆ ಒಂದು ಗೆರೆ, ಮಲಗೋದಕ್ಕೆ ಅದಕ್ಕಿಂತ ಕೆಳಗೆ ಇನ್ನೊಂದು ಗೆರೆ ಇಟ್ಟರೆ ಅಂತ ಹೇಳಿದ್ದು ನಾನು. (ಇಲ್ಲಿ ಬರೆಯದಿದ್ದರೆ ಆ ಇಬ್ಬರು ಒಪ್ಪೋದೇ ಇಲ್ಲ.) ಮೇಷ್ಟ್ರು ಹೊಗಳಲಿಲ್ಲ. ಮರುದಿನ ನೋಡಿದರೆ ಅವರ ಪ್ರೋಗ್ರಾಮಿನಲ್ಲಿ ಎರಡು ಗೆರೆ ಇದ್ದವು. ಅದರ ಹೆಸರು ಹಿಸ್ಟೆರಿಸಿಸ್, ಜಗತ್ತಿಗೆಲ್ಲ ಎಂದೋ ಗೊತ್ತಿತ್ತು ಅಂತ ತಿಳಿಯೋವರೆಗೆ ನಾನು ನೆಲದ ಮೇಲೆ ನಡೆಯಲಿಲ್ಲ.

ಈಗ ಇಂಟರ್‌ವ್ಯೂಗೆ ಬರುವ ಮಕ್ಕಳು, ಎಷ್ಟು ಬಿಟ್ ತಪ್ಪಾಗಿ ಬಂದವು ಅನ್ನೋ ಬಿಟ್ ಎರರ್ ರೇಟ್‌ನ ಚೆಂದದ ಗ್ರಾಫ್ ತೋರಿಸುತ್ತಾರೆ. ಕರೆಂಟ್ ಎಷ್ಟು ಎಳೆಯಿತು ಅಂದರೆ "ಸಿಮ್ಯುಲೇಶನ್ ಸರ್" ಅನ್ನುತ್ತಾರೆ. ನನ್ನಷ್ಟು ಜಾಣರೇ, ಇರಬಹುದು ಜಾಸ್ತಿಯೇ. ಅವರ ಕೈಗೆ ಮೀಟರ್ ಕೊಟ್ಟವರು ಯಾರು?

ಮೇಷ್ಟ್ರ ನೆನಪಿನ ಸಭೆಗೆ ಮೂವರೂ ಹೋಗಿದ್ದೆವು. ಆಮೇಲೆ ಲ್ಯಾಬಿನ ಕಪಾಟು ತೆಗೆಸಿದೆವು. ರಿಸೀವರ್ ಇರಲಿಲ್ಲ. ಮೀಟರ್ ಇತ್ತು, ಗಾಜಿನ ಮೇಲೆ ದೂಳು. ಬೆರಳಿಂದ ಒರೆಸಿದೆ. ಸೂಜಿ ಒಂದು ಗೆರೆ ಮುಂದೆ ನಿಂತಿತ್ತು.

"ಒಂದು ಕಳೀರಿ" ಅಂದೆವು, ಮೂವರೂ ಒಟ್ಟಿಗೆ.